29 ಅಡಿ, 69 ಅಡಿ

ಹೋದ ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಕಲಬುರಗಿ ಕೋಟೆಗೆ ಹೋದೆ. ವರ್ಕ್‌ಶಾಪಿನ ಉದ್ದ ಟೇಪ್ ಚೀಲದಲ್ಲಿತ್ತು. ಬಾರಾ ಗಜ್ ತೋಪನ್ನು ನಾವೇ ಅಳೆದು ನೋಡಬೇಕು ಅಂತ ಅವಳ ಹಟ. ಬಿಸಿಲೇರುವ ಮೊದಲೇ ಮೇಲೆ ಹತ್ತಿದೆವು. ಅವಳು ತೋಪಿನ ಬಾಯಿಯ ಹತ್ತಿರ ಟೇಪಿನ ತುದಿ ಹಿಡಿದಳು. ನಾನು ಹಿಂದಕ್ಕೆ ಎಳೆದುಕೊಂಡು ಬಂದೆ. ಟೇಪ್ 29 ಅಡಿಯ ಹತ್ತಿರ ನಿಂತಿತು. ಈ ತೋಪಿನ ಬಗ್ಗೆ ಎಲ್ಲ ಕಡೆ ಬರೆದಿರುವುದೂ ಅಷ್ಟೇ.

"ಪಪ್ಪಾ, ಯಮಾಟೊಂದು ಎಷ್ಟ್ ಉದ್ದ ಅದ?"

ಯಮಾಟೊ ಅಂದರೆ ಎರಡನೇ ಮಹಾಯುದ್ಧದ ಕಾಲದ ಜಪಾನಿನ ದೊಡ್ಡ ಯುದ್ಧನೌಕೆ. ಅದರ ತೋಪಿನ ಉದ್ದ ತೋರಿಸಬೇಕೆಂದರೆ ಕೆಳಗಿಳಿಯಬೇಕು. ಮೇಲೆ ಅಷ್ಟು ಜಾಗ ಇಲ್ಲ. ಜಾಮಾ ಮಸೀದಿಯ ಈಚೆ ಬಯಲಲ್ಲಿ 50 ಅಡಿ ಟೇಪ್ ಎಳೆದು ಒಂದು ಕಲ್ಲಿಟ್ಟೆ. ಅಲ್ಲಿಂದ ಮತ್ತೆ 19 ಅಡಿ. ಆ ತುದಿಯಲ್ಲಿ ಮಗಳು, ಈ ತುದಿಯಲ್ಲಿ ನಾನು, ನಡುವೆ 69 ಅಡಿ. ನಮ್ಮ ಕೋಟೆಯ ತೋಪನ್ನು ಒಂದರ ಮುಂದೆ ಒಂದರಂತೆ ಎರಡು ಸಲ ಮಲಗಿಸಿದರೂ ಇನ್ನೂ 11 ಅಡಿ ಉಳಿಯುತ್ತದೆ. ಯಮಾಟೊ ಹಡಗಿನ ಮೇಲೆ ಇಂಥ ತೋಪುಗಳು ಒಂಬತ್ತು ಇದ್ದವು.

ಆ ತುದಿಯಿಂದ ಅವಳು ಕೂಗಿದಳು. "ಇಷ್ಟ್ ಉದ್ದದ್ದು ನಮ್ಮ ಲೇತ್ ಮ್ಯಾಲ ಹಿಡೀತದೇನು?"

ಹಿಡಿಯೋದಿಲ್ಲ. ಲೇತ್ ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ನಮ್ಮ ದೊಡ್ಡ ಲೇತಿನ ಬೆಡ್, ಅಂದರೆ ಅದರ ಉದ್ದನೆಯ ಹಾಸು, ಹತ್ತು ಅಡಿ. ಆದರೆ ಅವಳ ಪ್ರಶ್ನೆ ಕೇಳಿ ನಾನು ಒಂದು ಗಳಿಗೆ ಸುಮ್ನೆ ನಿಂತುಬಿಟ್ಟೆ. ಅವಳ ತಾತ, ನಮ್ಮಪ್ಪ, ಸುಮಾರು ಮೂವತ್ತು ವರ್ಷದ ಹಿಂದೆ ಕೇಳಿದ್ದೂ ಇದನ್ನೇ.

ನಮ್ಮದು ಲೇತ್ ವರ್ಕ್‌ಶಾಪ್. ದಾಲ್ ಮಿಲ್ಲುಗಳ ಶಾಫ್ಟ್, ರೋಲರ್, ಪುಲ್ಲಿ, ಬುಷ್ ಇವೇ ಕೆಲಸ. ಕಲಬುರಗಿಯಲ್ಲಿ ತೊಗರಿ ಇರುವವರೆಗೆ ನಮಗೂ ಕೆಲಸ ಇದೆ. ಆಗೆಲ್ಲ ಕೈಯ ಗ್ರೀಸ್ ಒರೆಸಲು ರದ್ದಿ ಅಂಗಡಿಯಿಂದ ಕಟ್ಟುಗಟ್ಟಲೆ ಹಳೇ ಕಾಗದ ತರುತ್ತಿದ್ದೆವು. ಅದರಲ್ಲಿ ಒಂದು ದಿನ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆ ಸಿಕ್ಕಿತು. ಅರ್ಧ ಕಟ್ಟಿದ ಒಂದು ದೊಡ್ಡ ಹಡಗು. ಡೆಕ್ ಮೇಲೆ ಸಾಮಾನು ಚೆಲ್ಲಾಪಿಲ್ಲಿ. ಮೂರು ತೋಪುಗಳು ಒಂದೇ ಗೋಪುರದಿಂದ ಹೊರಗೆ ಚಾಚಿವೆ. 1941ರ ಸೆಪ್ಟೆಂಬರಿನಲ್ಲಿ ಕುರೆ ಎಂಬ ಊರಲ್ಲಿ ತೆಗೆದ ಯಮಾಟೊದ ಫೋಟೊ ಅದು. ಹತ್ತನೇ ಕ್ಲಾಸ್ ಮುಗಿಸಿದ್ದ ನನಗೆ ಹಡಗು ನೋಡಿಯೇ ಮೈ ಜುಮ್ಮೆಂದಿತು. ಅಪ್ಪ ಹಾಳೆ ಇಸಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಹಡಗು ಇರ್ಲಿ ಬಿಡಪ್ಪ. ಇದರ ಬೋರ್ ಯಾವ ಮಶೀನ್ ಮ್ಯಾಲ ಹೊಡದಾರ?"

ಬೋರ್, ಅಂದರೆ ತೋಪಿನ ಒಳಗಿನ ಉದ್ದ ತೂತು, ಎಲ್ಲಿ ಕೊರೆದರೋ ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆ. ಸಮುದ್ರದಿಂದ ಇಷ್ಟು ದೂರ ಇರುವ ನಾನು ಜಪಾನಿನ ಬ್ಯಾಟಲ್‌ಶಿಪ್‌ಗಳ ಬೆನ್ನು ಹತ್ತಿದ್ದು ಹೀಗೆ.

ಎಲ್ಲ ಯುದ್ಧನೌಕೆಗಳೂ ಬ್ಯಾಟಲ್‌ಶಿಪ್ ಅಲ್ಲ. ಅತಿ ದೊಡ್ಡ ತೋಪು, ಅತಿ ದಪ್ಪ ಉಕ್ಕಿನ ಹೊದಿಕೆ ಎರಡೂ ಇದ್ದದ್ದಕ್ಕೆ ಮಾತ್ರ ಆ ಹೆಸರು. ಜಪಾನ್ ಮೊದಮೊದಲು ಇವನ್ನು ಸ್ವಂತ ಮಾಡುತ್ತಿರಲಿಲ್ಲ, ಇಂಗ್ಲೆಂಡಿನಿಂದ ಕೊಳ್ಳುತ್ತಿತ್ತು. 1905ರ ಮೇ ತಿಂಗಳಲ್ಲಿ ಸುಶಿಮಾ ಕದನದಲ್ಲಿ ರಷ್ಯದ ನೌಕಾಪಡೆಯನ್ನು ಮುಳುಗಿಸಿದಾಗ ಅಡ್ಮಿರಲ್ ಟೋಗೊ ನಿಂತಿದ್ದ ಮಿಕಾಸಾ ಹಡಗು ಇಂಗ್ಲೆಂಡಿನ ಬ್ಯಾರೊ ಊರಲ್ಲಿ ವಿಕರ್ಸ್ ಕಂಪನಿ ಕಟ್ಟಿದ್ದು. ಆ ಹಡಗು ಈಗಲೂ ಯೊಕೊಸುಕಾದಲ್ಲಿ ಮ್ಯೂಸಿಯಂ ಆಗಿ ನಿಂತಿದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಕತೆ. 1911ರಲ್ಲಿ ಜಪಾನ್ ಅದೇ ವಿಕರ್ಸ್ ಕಂಪನಿಯಲ್ಲಿ ಕೊಂಗೊ ಎಂಬ ಹಡಗನ್ನು ಕಟ್ಟಿಸಲು ಶುರು ಮಾಡಿತು. ಆಫ್ರಿಕಾದ ಕಾಂಗೊ ಅಲ್ಲ. ಇದು ಒಂದು ಬೆಟ್ಟದ ಹೆಸರು. ಜಪಾನಿ ಭಾಷೆಯಲ್ಲಿ ಕೊಂಗೊ ಅಂದರೆ ವಜ್ರ. ನಮ್ಮ ವಜ್ರಾಯುಧದ ವಜ್ರವೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದ ಮಾತು. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಸ್ತೂಪದ ಕಲ್ಲುಗಳನ್ನು ನೋಡಿದವರಿಗೆ ಇದು ಅಷ್ಟೇನೂ ದೂರದ ನೆಂಟಸ್ತನ ಅನ್ನಿಸಲಿಕ್ಕಿಲ್ಲ.

ಕೊಂಗೊ ಕಟ್ಟುವಾಗ ಜಪಾನ್ ತನ್ನ ಎಂಜಿನಿಯರುಗಳನ್ನು ಬ್ಯಾರೊಗೆ ಕಳಿಸಿತು. ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ ಅಂತ. ನಕ್ಷೆಗಳೂ ಬಂದವು. ಅದೇ ನಕ್ಷೆಯಲ್ಲಿ ಇನ್ನೂ ಮೂರನ್ನು ತನ್ನ ನೆಲದಲ್ಲೇ ಕಟ್ಟಿತು. ಹಿಯೇ ಹಡಗು ಯೊಕೊಸುಕಾದ ನೌಕಾಪಡೆಯ ಕಟ್ಟೆಯಲ್ಲಿ, ಕಿರಿಶಿಮಾ ನಾಗಸಾಕಿಯಲ್ಲಿ, ಹರುನಾ ಕೋಬೆಯಲ್ಲಿ. ಹಿಯೇಗೆ ಒಂದಷ್ಟು ಸಾಮಾನು ಇಂಗ್ಲೆಂಡಿನಿಂದಲೇ ಬಂದಿತ್ತು. ಆಮೇಲಿನವುಗಳಲ್ಲಿ ಅದು ಕಡಿಮೆಯಾಗುತ್ತಾ ಹೋಯಿತು. ಕೊಂಗೊ ಆದಮೇಲೆ ಜಪಾನ್ ಇಂಥ ಒಂದು ಹಡಗನ್ನೂ ಹೊರಗಿನಿಂದ ಕೊಳ್ಳಲಿಲ್ಲ.

ಇದನ್ನು ಓದಿದಾಗ ನನಗೆ ಅಪ್ಪನೇ ಕಣ್ಣಮುಂದೆ ಬಂದರು. ಅವರು ಸಾಲ ಮಾಡಿ ಬಟಾಲಾದ ಒಂದು ಲೇತ್ ತಂದಿದ್ದರು. ಎರಡು ವರ್ಷ ದುಡಿಸಿದ ಮೇಲೆ ಒಂದು ಮಳೆಗಾಲ ಅದನ್ನು ಪೂರ್ತಿ ಬಿಚ್ಚಿದರು. ಒಂದೊಂದು ಗೇರನ್ನೂ ಕಂದು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ಹಲ್ಲು ಎಣಿಸಿ ಪಕ್ಕದಲ್ಲಿ ಬರೆದರು. ಕೊಲ್ಹಾಪುರದ ಫೌಂಡ್ರಿಯಿಂದ ಬೆಡ್ ಎರಕ ಹೊಯ್ಯಿಸಿಕೊಂಡು ಬಂದು ಎರಡನೇ ಲೇತನ್ನು ತಾವೇ ಕಟ್ಟಿದರು. ಬೆಡ್ಡನ್ನು ಕೈಯಿಂದ ಕೆರೆದು ಕೆರೆದು ಮಟ್ಟ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಆ ಲೇತ್ ಇವತ್ತಿಗೂ ನಡೆಯುತ್ತಿದೆ. ನನ್ನನ್ನು ಕೆಲಸಕ್ಕೆ ಹಚ್ಚಿದಾಗಲೂ ಮೊದಲ ಆರು ತಿಂಗಳು ಟೂಲ್ ಮುಟ್ಟಲು ಬಿಡಲಿಲ್ಲ. ಉಸ್ತಾದರ ಪಕ್ಕ ನಿಲ್ಲು, ನೋಡು, ಅಷ್ಟೇ.

ಹಾಗಂತ ಕೊಂಗೊ ಕತೆಯಲ್ಲಿ ಎಲ್ಲವೂ ಚೊಕ್ಕಟ ಇರಲಿಲ್ಲ. ಆ ಆರ್ಡರ್ ಸಿಗಲಿ ಅಂತ ಜಪಾನಿನ ನೌಕಾಪಡೆಯ ದೊಡ್ಡ ಅಧಿಕಾರಿಗಳಿಗೆ ಲಂಚ ಹೋಗಿತ್ತು. 1914ರಲ್ಲಿ ಅದು ಬಯಲಾಗಿ ಜನ ಬೀದಿಗಿಳಿದರು, ಸರ್ಕಾರವೇ ಬಿದ್ದುಹೋಯಿತು.

ಅದೇ ವರ್ಷ ಮೊದಲ ಮಹಾಯುದ್ಧ. ಬ್ರಿಟನ್ ಜೊತೆಗಿದ್ದ ಜಪಾನ್ ಆಗಸ್ಟ್ 23ರಂದು ಜರ್ಮನಿಯ ಮೇಲೆ ಯುದ್ಧ ಸಾರಿತು. ಚೀನಾದಲ್ಲಿ ಜರ್ಮನರ ಕೈಯಲ್ಲಿದ್ದ ಚಿಂಗ್‌ಡಾವ್ ಬಂದರನ್ನು ಸುತ್ತುವರಿದು ನವೆಂಬರ್ 7ಕ್ಕೆ ಹಿಡಿಯಿತು. ಅಲ್ಲಿ ತೋಪು ಹಾರಿಸಿದ ಸುವೊ, ಇವಾಮಿ, ಟಾಂಗೊ ಮೂರೂ ರಷ್ಯದಿಂದ ಗೆದ್ದು ತಂದ ಹಳೇ ಹಡಗುಗಳು. ರಿಪೇರಿ ಮಾಡಿ, ಹೆಸರು ಬದಲಿಸಿ, ಕೆಲಸಕ್ಕೆ ಹಚ್ಚಿದ್ದರು.

ಅದೇ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತ್ತಲ್ಲ, ಅದು ನಮ್ಮವರಿಗೂ ಗೊತ್ತಿರುವ ಕತೆ. ನವೆಂಬರಿನಲ್ಲಿ ಆಸ್ಟ್ರೇಲಿಯದ ಸೈನಿಕರನ್ನು ಹೊತ್ತ ಹಡಗುಗಳ ಸಾಲು ಹಿಂದೂ ಮಹಾಸಾಗರ ದಾಟುವಾಗ ಕಾವಲಿಗಿದ್ದವುಗಳಲ್ಲಿ ಜಪಾನಿನ ಇಬುಕಿ ಒಂದು. ಎಂಡೆನ್ ಹತ್ತಿರದಲ್ಲೇ ಇದೆ ಅಂತ ಸುದ್ದಿ ಬಂದಾಗ ಬೇಟೆಗೆ ಹೋಗಲು ಇಬುಕಿಗೂ ಆಸೆ ಇತ್ತು. ಆದರೆ ಕಾವಲು ಬಿಡುವಂತಿರಲಿಲ್ಲ. ಹೋಗಿ ಎಂಡೆನ್ ಕತೆ ಮುಗಿಸಿದ್ದು ಆಸ್ಟ್ರೇಲಿಯದ ಸಿಡ್ನಿ ಹಡಗು.

ಕೊಂಗೊ ಮತ್ತು ಅದರ ತಂಗಿಯರಿಗೆ ಆ ಯುದ್ಧದಲ್ಲಿ ದೊಡ್ಡ ಕದನ ಸಿಗಲಿಲ್ಲ. ಸ್ವಲ್ಪ ದಿನಕ್ಕೆ ಕೊಡಿ ಅಂತ ಬ್ರಿಟನ್ ಕೇಳಿತ್ತು. ಜಪಾನ್ ಕೊಡಲಿಲ್ಲ. ಹಡಗು ಕಟ್ಟುವುದನ್ನು ಕಲಿಸಿದವರೇ ಬಂದು ಕಲಿತವರ ಹಡಗು ಕೇಳುವಂತಾಯಿತು. ಅಷ್ಟರಲ್ಲಿ ಜಪಾನಿನ ಕೈ ಪಳಗಿತ್ತು. 1920ರಲ್ಲಿ ನಾಗಾಟೊ ಬಂತು. 41 ಸೆಂಟಿಮೀಟರ್ ಬಾಯಿಯ ಎಂಟು ತೋಪು, ಪೂರ್ತಿ ಸ್ವಂತ ನಕ್ಷೆ. ಮರುವರ್ಷ ಅದರ ಜೋಡಿ ಮುತ್ಸು.

ಆಮೇಲೆ ಯಾರ ಬಳಿ ಎಷ್ಟು ಬ್ಯಾಟಲ್‌ಶಿಪ್ ಇರಬೇಕು ಅಂತ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದ. ಅಮೆರಿಕಕ್ಕೆ ಐದು ಪಾಲು, ಬ್ರಿಟನ್ನಿಗೆ ಐದು, ಜಪಾನಿಗೆ ಮೂರು. ಮುತ್ಸು ಇನ್ನೂ ಪೂರ್ತಿ ಆಗಿಲ್ಲ, ಒಡೆದುಹಾಕಿ ಅಂದರು. ಶಾಲಾ ಮಕ್ಕಳು ಕೊಟ್ಟ ಚಿಲ್ಲರೆ ದುಡ್ಡೂ ಸೇರಿದ್ದ ಆ ಹಡಗನ್ನು ಜಪಾನ್ ಪಟ್ಟು ಹಿಡಿದು ಉಳಿಸಿಕೊಂಡಿತು. ಈ 5:5:3ರ ಲೆಕ್ಕ ಜಪಾನಿನ ನೌಕಾಪಡೆಯವರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಎಣಿಕೆಯಲ್ಲಿ ಕಡಿಮೆ ಇದ್ದರೆ ಒಂದೊಂದೂ ಎದುರಿನವರದಕ್ಕಿಂತ ದೊಡ್ಡದಿರಬೇಕು ಅಂತ ಯೋಚಿಸಿದರು. ಇನ್ನೊಂದು ಲೆಕ್ಕವೂ ಇತ್ತು. ಅಮೆರಿಕದ ಹಡಗುಗಳು ಪನಾಮಾ ಕಾಲುವೆ ದಾಟಬೇಕು. ಆ ಕಾಲುವೆಯ ಬಾಗಿಲು 110 ಅಡಿ ಅಗಲ. ಅದಕ್ಕಿಂತ ಅಗಲದ ಹಡಗನ್ನು ಅವರು ಕಟ್ಟಲಾರರು, ಹಾಗಾಗಿ ಅಷ್ಟು ದೊಡ್ಡ ತೋಪನ್ನೂ ಹೊರಲಾರರು. ಒಪ್ಪಂದದ ಅವಧಿ ಮುಗಿದ ಮೇಲೆ 1937ರ ನವೆಂಬರ್ 4ರಂದು ಕುರೆಯಲ್ಲಿ ಯಮಾಟೊದ ಕೆಲಸ ಶುರುವಾಯಿತು.

ಉದ್ದ 263 ಮೀಟರ್, ಅಗಲ ಸುಮಾರು 39 ಮೀಟರ್, ಪೂರ್ತಿ ತುಂಬಿದಾಗ ತೂಕ ಹತ್ತಿರತ್ತಿರ 72,000 ಟನ್. ತೋಪಿನ ಬಾಯಿ 46 ಸೆಂಟಿಮೀಟರ್. ಕಾಗದಪತ್ರದಲ್ಲಿ ಮಾತ್ರ 40 ಸೆಂಟಿಮೀಟರ್ ಅಂತಲೇ ಬರೆಯುತ್ತಿದ್ದರು. ಅಷ್ಟು ಗುಟ್ಟು. ನಾಗಸಾಕಿಯಲ್ಲಿ ಜೋಡಿ ಹಡಗು ಮುಸಾಶಿ ಕಟ್ಟುವಾಗ ಊರವರ ಕಣ್ಣಿಗೆ ಬೀಳದಂತೆ ಸುತ್ತ ನಾರಿನ ಹಗ್ಗದ ಪರದೆ ಇಳಿಬಿಟ್ಟಿದ್ದರು. ಅದನ್ನು ನೀರಿಗೆ ಬಿಟ್ಟ ದಿನ ಎದ್ದ ಅಲೆ ಎದುರು ದಡದ ಮನೆಗಳಿಗೆ ನುಗ್ಗಿತ್ತು.

ಈ ತೋಪಿನ ಒಂದು ಗುಂಡು 1,460 ಕಿಲೊ. ನಮ್ಮ ಲೆಕ್ಕದಲ್ಲಿ ಹದಿನಾಲ್ಕೂವರೆ ಕ್ವಿಂಟಲ್ ತೊಗರಿ. ಅದನ್ನು 42 ಕಿಲೊಮೀಟರ್ ದೂರ ಎಸೆಯುತ್ತಿತ್ತು. ನಮ್ಮ ಕೋಟೆಯಿಂದ ಹಾರಿಸಿದರೆ ಆಳಂದದ ಆಚೆ ಹೋಗಿ ಬೀಳುತ್ತದೆ. ಹೋಗಿ ಬೀಳಲು ಒಂದೂವರೆ ನಿಮಿಷ ಬೇಕು. ಮೂರು ತೋಪಿನ ಒಂದು ಗೋಪುರವೇ ಸುಮಾರು 2,500 ಟನ್, ಅಂದರೆ ಆ ಕಾಲದ ಒಂದು ಡೆಸ್ಟ್ರಾಯರ್ ಎಂಬ ಚಿಕ್ಕ ಯುದ್ಧನೌಕೆಯಷ್ಟು ತೂಕ.

ಇಂಥ ತೋಪನ್ನು ಒಂದೇ ಉಕ್ಕಿನ ತುಂಡಿನಲ್ಲಿ ಕೊರೆಯುವುದಿಲ್ಲ. ಒಂದು ಕೊಳವೆಯ ಮೇಲೆ ಇನ್ನೊಂದು ಕೊಳವೆ ಕೂರಿಸಿ ಮಾಡುತ್ತಾರೆ. ಒಳಗಿನದರ ಹೊರಮೈಗಿಂತ ಹೊರಗಿನದರ ಬಾಯಿ ಕೂದಲೆಳೆಯಷ್ಟು ಸಣ್ಣ. ಹೊರಗಿನದನ್ನು ಕಾಯಿಸಿದರೆ ಅದು ಹಿಗ್ಗುತ್ತದೆ. ಆಗ ಒಳಗಿನದರ ಮೇಲೆ ಇಳಿಸಬೇಕು. ತಣ್ಣಗಾದಾಗ ಅದು ಕುಗ್ಗಿ ಒಳಗಿನದನ್ನು ಬಿಗಿಯಾಗಿ ಅಪ್ಪುತ್ತದೆ. ಮದ್ದು ಸಿಡಿದಾಗ ಒಳಗಿನ ಕೊಳವೆ ಬಿರಿಯದಂತೆ ಹಿಡಿಯುವುದು ಈ ಅಪ್ಪುಗೆಯೇ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ನೋಡಿದ್ದೀರಾ? ನಾನು ಚಿಕ್ಕವನಿದ್ದಾಗ ಅಜ್ಜಿಯ ಊರಲ್ಲಿ ನೋಡಿದ್ದೇನೆ. ಹಳಿಯ ಸುತ್ತ ಕುಳ್ಳು ಪೇರಿಸಿ ಬೆಂಕಿ ಹಾಕುತ್ತಿದ್ದರು. ಕೆಂಪಗಾದ ಮೇಲೆ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ತಂದು ಮರದ ಗಾಲಿಯ ಮೇಲೆ ಇಳಿಸಿ, ಬಡಿದು ಕೂರಿಸಿ, ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಚುಂಯ್ ಅಂತ ಹೊಗೆ ಏಳುತ್ತಿತ್ತು. ಗಾಲಿಯ ಕೀಲುಗಳೆಲ್ಲ ಕಟಕಟ ಅಂತ ಒಳಗೆ ಸರಿಯುವ ಸದ್ದು ಕೇಳುತ್ತಿತ್ತು. ನಾವು ಶಾಫ್ಟಿನ ಮೇಲೆ ಬೇರಿಂಗ್ ಕೂರಿಸುವುದೂ ಇದೇ ರೀತಿ. ಕುರೆಯವರು ಮಾಡಿದ್ದೂ ಇದನ್ನೇ, 69 ಅಡಿ ಉದ್ದಕ್ಕೆ.

ಆ ಉದ್ದದಲ್ಲಿ ಬೋರ್ ನೆಟ್ಟಗೆ ಹೊಡೆಯುವುದು ಅಂದರೆ ಏನು ಅಂತ ಲೇತ್ ಮೇಲೆ ನಿಂತವರಿಗೆ ಮಾತ್ರ ಗೊತ್ತು. ಎರಡು ಅಡಿಯ ಬುಷ್ ಬೋರ್ ಮಾಡುವಾಗಲೇ ಟೂಲ್ ಹಿಡಿದ ಬಾರ್ ಬಾಗುತ್ತದೆ. ಟೂಲ್ ನಡುಗುತ್ತದೆ. ಒಳಗೆ ಅಲೆಅಲೆಯಾಗಿ ಗೀರು ಬೀಳುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಉದ್ದನೆಯ ಜಾಬಿಗೆ ನಡುವೆ ಸ್ಟೆಡಿ ಎಂಬ ಆಸರೆಯನ್ನೂ ಕೊಡಬೇಕು. ಒಂದು ಕಟ್ ಜಾಸ್ತಿ ಹೋದರೆ ಮತ್ತೆ ಕೂಡಿಸಲು ಬರುವುದಿಲ್ಲ. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ಗಳಿಗೆಯಲ್ಲಿ ರದ್ದಿ. ಆ ಯಂತ್ರದ ಮುಂದೆ ನಿಂತ ಕುರೆಯ ಕೆಲಸಗಾರರನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅದಕ್ಕೇ ಮುಂದಿನದನ್ನು ಬರೆಯುವಾಗ ಸಂಕಟವಾಗುತ್ತದೆ.

1941ರ ಡಿಸೆಂಬರ್ 10ರಂದು ಮಲಯಾ ಕರಾವಳಿಯಲ್ಲಿ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬ ಎರಡು ದೊಡ್ಡ ಹಡಗುಗಳನ್ನು ಮುಳುಗಿಸಿದ್ದು ಜಪಾನಿನ ವಿಮಾನಗಳು. ಬರೀ ವಿಮಾನಗಳು. ಅದಕ್ಕೆ ಮೂರು ದಿನ ಮೊದಲು ಪರ್ಲ್ ಹಾರ್ಬರಿನಲ್ಲೂ ಅದೇ ಆಗಿತ್ತು. ಯಮಾಟೊ ನೌಕಾಪಡೆಗೆ ಸೇರಿದ್ದು ಡಿಸೆಂಬರ್ 16ಕ್ಕೆ. ಬ್ಯಾಟಲ್‌ಶಿಪ್‌ಗಳ ಕಾಲ ಮುಗಿಯಿತು ಅಂತ ಜಗತ್ತಿಗೆ ತೋರಿಸಿದವರು ಜಪಾನಿನವರೇ. ಆರು ದಿನದ ನಂತರ ಎಲ್ಲಕ್ಕಿಂತ ದೊಡ್ಡ ಬ್ಯಾಟಲ್‌ಶಿಪ್ ಇಳಿಸಿದವರೂ ಅವರೇ.

ನಿಜವಾಗಿ ದುಡಿದದ್ದು ಹಳೇ ಕೊಂಗೊ ಮತ್ತು ಅದರ ಮೂವರು ತಂಗಿಯರು. ನಡುವೆ ಅವುಗಳಿಗೆ ಹೊಸ ಬಾಯ್ಲರ್ ಕೂರಿಸಿ ವೇಗ ಹೆಚ್ಚಿಸಿದ್ದರು. ವಿಮಾನವಾಹಕ ಹಡಗುಗಳ ಜೊತೆ ಓಡಲು ಅವಕ್ಕೆ ಆಗುತ್ತಿತ್ತು. 1942ರ ಏಪ್ರಿಲಿನಲ್ಲಿ ನಾಲ್ಕೂ ನಮ್ಮ ಕಡೆಯ ಸಮುದ್ರಕ್ಕೇ ಬಂದವು. ಆ ಪಡೆಯ ವಿಮಾನಗಳು 5ರಂದು ಕೊಲಂಬೊ, 9ರಂದು ಟ್ರಿಂಕೋಮಲಿ ಮೇಲೆ ಬಾಂಬ್ ಹಾಕಿದವು. 6ರಂದು ಇನ್ನೊಂದು ತಂಡ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಹಾಕಿತು. ಅದೇ ಅಕ್ಟೋಬರಿನಲ್ಲಿ ಕೊಂಗೊ ಮತ್ತು ಹರುನಾ ಒಂದು ರಾತ್ರಿ ಗ್ವಾಡಲ್‌ಕನಾಲ್ ದ್ವೀಪದ ಅಮೆರಿಕನ್ ವಿಮಾನ ನಿಲ್ದಾಣದ ಮೇಲೆ 900ಕ್ಕೂ ಜಾಸ್ತಿ ದೊಡ್ಡ ಗುಂಡು ಸುರಿದವು. ನವೆಂಬರಿನಲ್ಲಿ ಅದೇ ದ್ವೀಪದ ಹತ್ತಿರ 13ಕ್ಕೆ ಹಿಯೇ ಹೋಯಿತು, 15ಕ್ಕೆ ಕಿರಿಶಿಮಾ.

ಯಮಾಟೊ ಮಾತ್ರ ಟ್ರುಕ್ ದ್ವೀಪದ ಬಂದರಿನಲ್ಲಿ ಲಂಗರು ಹಾಕಿಕೊಂಡು ಕೂತಿತ್ತು. ಹೊರಗೆ ಹೋದರೆ ಎಣ್ಣೆ ಬಹಳ ಕುಡಿಯುತ್ತದೆ. ಎಣ್ಣೆ ಇರಲಿಲ್ಲ. ಬೇರೆ ಹಡಗಿನವರು ಅದಕ್ಕೆ ಹೋಟೆಲ್ ಯಮಾಟೊ ಅಂತ ಹೆಸರಿಟ್ಟಿದ್ದರು. ಅದರೊಳಗೆ ರಾಮುನೆ ಎಂಬ ನಿಂಬೆ ರುಚಿಯ ಸೋಡಾ ಮಾಡುವ ಯಂತ್ರವೂ ಇತ್ತು. ರಾಮುನೆ ಬಾಟಲಿ ಅಂದರೆ ನಮ್ಮ ಗೋಲಿ ಸೋಡಾ ಬಾಟಲಿಯೇ. ಬಾಯಲ್ಲಿ ಗೋಲಿ ಇರುವುದು. ಸುಡು ಬಿಸಿಲಿನ ಆ ದ್ವೀಪದಲ್ಲಿ ಇಪ್ಪತ್ತು ವರ್ಷದ ಹುಡುಗರು ಗೋಲಿ ಒತ್ತಿ ಸೋಡಾ ಕುಡಿಯುವುದು ನನ್ನ ಕಣ್ಣಿಗೆ ಕಟ್ಟುತ್ತದೆ. ನಮ್ಮೂರ ಬೇಸಿಗೆ ಗೊತ್ತಿರುವವರಿಗೆ ಆ ಸೋಡಾದ ಬೆಲೆ ಗೊತ್ತು, ಅಲ್ವಾ?

ಮುತ್ಸುವಿಗೆ ಶತ್ರುವೂ ಬೇಕಾಗಲಿಲ್ಲ. 1943ರ ಜೂನ್ 8ರಂದು ಹಶಿರಾಜಿಮಾ ಹತ್ತಿರ ಲಂಗರು ಹಾಕಿ ನಿಂತಿದ್ದಾಗ ಒಳಗಿನ ಮದ್ದು ಸಿಡಿದು ಎರಡು ತುಂಡಾಯಿತು. 1,121 ಜನ ಸತ್ತರು. ಜನರಿಗೆ ಗೊತ್ತಾಗದಂತೆ ಸುದ್ದಿ ಮುಚ್ಚಿಟ್ಟರು.

1944ರ ಅಕ್ಟೋಬರಿನಲ್ಲಿ ಫಿಲಿಪೀನ್ಸ್ ಹತ್ತಿರ ಇನ್ನೂ ಮೂರರ ಗತಿ ಮುಗಿಯಿತು. 24ರಂದು ಮುಸಾಶಿ. ಇಡೀ ದಿನ ವಿಮಾನಗಳು ಟಾರ್ಪಿಡೊ, ಬಾಂಬ್ ಸುರಿದ ಮೇಲೆ ಮುಳುಗಿತು. 25ರ ನಸುಕಿನಲ್ಲಿ ಫುಸೊ ಮತ್ತು ಯಮಾಶಿರೊ ಎಂಬ ಹಳೇ ಬ್ಯಾಟಲ್‌ಶಿಪ್‌ಗಳು. ಅವತ್ತೇ ಬೆಳಿಗ್ಗೆ ಸಮಾರ್ ದ್ವೀಪದ ಹತ್ತಿರ ಯಮಾಟೊ ತನ್ನ ದೊಡ್ಡ ತೋಪುಗಳನ್ನು ಶತ್ರು ಹಡಗುಗಳ ಮೇಲೆ ಹಾರಿಸಿತು. ಅದೇ ಮೊದಲು, ಅದೇ ಕೊನೆ. ನವೆಂಬರ್ 21ರಂದು ಒಂದು ಅಮೆರಿಕನ್ ಸಬ್‌ಮರೀನ್ ಕೊಂಗೊವನ್ನು ಹೊಡೆಯಿತು. ಆಗ ಅದಕ್ಕೆ ಮೂವತ್ತೊಂದು ವರ್ಷ.

1945ರ ಏಪ್ರಿಲಿನಲ್ಲಿ ಅಮೆರಿಕದವರು ಒಕಿನಾವಾದಲ್ಲಿ ಇಳಿದಿದ್ದರು. ಯಮಾಟೊಗೆ ಆರ್ಡರ್ ಬಂತು. ಒಕಿನಾವಾಕ್ಕೆ ಹೋಗಿ, ದಡಕ್ಕೆ ಹತ್ತಿಸಿ, ಸಾಯುವವರೆಗೆ ತೋಪು ಹಾರಿಸಿ. ಮೇಲೆ ಕಾಯಲು ವಿಮಾನಗಳಿಲ್ಲ. ತಂಡದ ಮುಖ್ಯಸ್ಥ ಅಡ್ಮಿರಲ್ ಇಟೊ ಇದು ದಂಡ ಅಂತ ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದರು. ಹೊರಡುವ ಮುಂಚೆ, ಆಗಷ್ಟೇ ನೌಕಾ ಶಾಲೆ ಮುಗಿಸಿ ಬಂದಿದ್ದ ಅರವತ್ತಕ್ಕೂ ಜಾಸ್ತಿ ಹುಡುಗರನ್ನು, ಕಾಯಿಲೆ ಬಿದ್ದವರನ್ನು ಹಡಗಿನಿಂದ ಇಳಿಸಿದರು. ಆ ಹುಡುಗರು ನಾವೂ ಬರುತ್ತೇವೆ ಅಂತ ಬೇಡಿಕೊಂಡರು. ಕೇಳಲಿಲ್ಲ. ಆ ಯುದ್ಧದಲ್ಲಿ ದೊಡ್ಡವರು ಮಾಡಿದ ಕೆಲಸಗಳಲ್ಲಿ ನನಗೆ ಮನಸಾರೆ ಒಪ್ಪಿಗೆಯಾಗುವುದು ಇದೊಂದು.

ಏಪ್ರಿಲ್ 7ರ ಮಧ್ಯಾಹ್ನ. ಮೋಡ ಕೆಳಗಿಳಿದಿತ್ತು. ಅಮೆರಿಕದ ಮುನ್ನೂರಕ್ಕೂ ಜಾಸ್ತಿ ವಿಮಾನಗಳು ಅಲೆಅಲೆಯಾಗಿ ಬಂದವು. ಟಾರ್ಪಿಡೊಗಳು ಹೆಚ್ಚಾಗಿ ಎಡಗಡೆಗೇ ಬಡಿದವು. ಹಡಗು ಎಡಕ್ಕೆ ವಾಲಿತು. ಸರಿದೂಗಿಸಲು ಬಲಗಡೆಯ ಕೋಣೆಗಳಿಗೆ ನೀರು ಬಿಟ್ಟರು, ಅಲ್ಲಿ ಬಾಯ್ಲರ್ ಮುಂದೆ ಜನ ಇನ್ನೂ ದುಡಿಯುತ್ತಿದ್ದಂತೆಯೇ. 2 ಗಂಟೆ 23 ನಿಮಿಷಕ್ಕೆ ಯಮಾಟೊ ಮಗುಚಿತು. ಒಳಗಿದ್ದ ಮದ್ದು ಸಿಡಿಯಿತು. ಆ ಹೊಗೆ ದೂರದ ಕ್ಯೂಶು ದಡದವರೆಗೂ ಕಾಣಿಸಿತಂತೆ. ಹಡಗಿನಲ್ಲಿದ್ದವರು 3,300ಕ್ಕೂ ಮೇಲೆ. ಬದುಕಿದವರು 300ಕ್ಕಿಂತ ಕಡಿಮೆ. ಇಟೊ ಹೋದರು, ಕ್ಯಾಪ್ಟನ್ ಅರುಗಾ ಹೋದರು. ಅಮೆರಿಕದ ಕಡೆ ಹತ್ತು ವಿಮಾನ, ಹನ್ನೆರಡು ಜನ.

ಕಟ್ಟಿದ ಕೈಗಳಿಗೂ ಬಿಡುಗಡೆ ಇರಲಿಲ್ಲ. ಜೂನ್ 22ರಂದು ಕುರೆಯ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಅಲ್ಲಿ ಶಾಲೆಯ ಹುಡುಗ ಹುಡುಗಿಯರನ್ನೂ ಕೆಲಸಕ್ಕೆ ಹಚ್ಚಿದ್ದರು. ಸತ್ತವರಲ್ಲಿ ಅವರೂ ಇದ್ದರು. ನನ್ನ ಮಗಳು ಒಂಬತ್ತನೇ ಕ್ಲಾಸ್. ಈ ಸಾಲು ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿ ಬಂದೆ. ಜುಲೈ ಕೊನೆಯಲ್ಲಿ ಕುರೆಯ ಸುತ್ತಮುತ್ತ ಎಣ್ಣೆ ಇಲ್ಲದೆ ನಿಂತಿದ್ದ ಹರುನಾ, ಇಸೆ, ಹ್ಯೂಗಾ ಮೂರು ಬ್ಯಾಟಲ್‌ಶಿಪ್‌ಗಳೂ ವಿಮಾನಗಳ ಬಾಂಬಿಗೆ ನಿಂತಲ್ಲೇ ತಳಕ್ಕೆ ಕೂತವು.

ಉಳಿದದ್ದು ನಾಗಾಟೊ ಒಂದೇ, ಯೊಕೊಸುಕಾದಲ್ಲಿ, ಗಾಯಗೊಂಡು. 1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ಜಪಾನ್ ಶರಣಾದ ದಿನ ಅಲ್ಲಿ ನಿಂತಿದ್ದ ಹಡಗುಗಳಲ್ಲಿ ಆಸ್ಟ್ರೇಲಿಯದ ಒಂದು ಡೆಸ್ಟ್ರಾಯರ್ ಇತ್ತು. ಅದರ ಹೆಸರು ನಿಜಾಮ್. ಹೌದು, ಹೈದರಾಬಾದಿನ ನಿಜಾಮರ ಹೆಸರೇ. ಅವತ್ತು ಕಲಬುರಗಿಯೂ ಅವರ ಸಂಸ್ಥಾನದ್ದೇ. ಮರುವರ್ಷ ಜುಲೈನಲ್ಲಿ ಅಮೆರಿಕ ನಾಗಾಟೊವನ್ನು ಬಿಕಿನಿ ದ್ವೀಪದಲ್ಲಿ ಅಣುಬಾಂಬ್ ಪರೀಕ್ಷೆಗೆ ಇಟ್ಟಿತು. ಎರಡು ಬಾಂಬ್ ತಾಳಿಕೊಂಡಿತು. ಎರಡನೆಯದಾಗಿ ನಾಲ್ಕೈದು ದಿನಕ್ಕೆ, ರಾತ್ರಿ ಹೊತ್ತು, ಯಾರೂ ನೋಡದಿರುವಾಗ ಮುಳುಗಿತು.

ಇಷ್ಟೆಲ್ಲ ಹೋದ ಮೇಲೂ ಕೈಯ ಕಸುಬು ಉಳಿದಿತ್ತು. ಯಮಾಟೊ ಕಟ್ಟಿದ ಕುರೆಯ ಕಟ್ಟೆಯಲ್ಲೇ 1950ರ ದಶಕದಲ್ಲಿ ದೊಡ್ಡ ದೊಡ್ಡ ಎಣ್ಣೆ ಹಡಗುಗಳನ್ನು ಕಟ್ಟಿದರು. ಒಂದು ಲಕ್ಷ ಟನ್ ಹೊರುವ ಮೊದಲ ಟ್ಯಾಂಕರ್ ಯೂನಿವರ್ಸ್ ಅಪೊಲೊ ಅಲ್ಲಿಂದಲೇ ಹೊರಟಿತು. ಯಮಾಟೊದ ನೆತ್ತಿಯ ಮೇಲೆ ದೂರ ಅಳೆಯಲು 15 ಮೀಟರ್ ಅಗಲದ ದುರ್ಬೀನಿನಂಥ ಯಂತ್ರ ಇತ್ತು. ಅದನ್ನು ಮಾಡಿದ ನಿಪ್ಪೋನ್ ಕೊಗಾಕು ಕಂಪನಿಯೇ ಈಗಿನ ನಿಕಾನ್. ನಮ್ಮ ಮದುವೆಯ ಫೋಟೊಗಳನ್ನು ತೆಗೆದದ್ದು ಅವರ ಕ್ಯಾಮೆರಾದಲ್ಲಿ. ಮುತ್ಸುವಿನ ಉಕ್ಕನ್ನು ಸಮುದ್ರದಿಂದ ಎತ್ತಿ ವಿಕಿರಣ ಅಳೆಯುವ ಲ್ಯಾಬುಗಳಲ್ಲಿ ಬಳಸಿದರು. 1945ಕ್ಕಿಂತ ಮೊದಲು ಕರಗಿಸಿದ ಉಕ್ಕು ಅದು. ಆಮೇಲಿನ ಉಕ್ಕಿನಲ್ಲಿ ಸಣ್ಣ ಪ್ರಮಾಣದ ವಿಕಿರಣ ಸೇರಿಕೊಂಡಿರುತ್ತದೆ, ಇದರಲ್ಲಿ ಇಲ್ಲ. ಹಳೇ ಕಬ್ಬಿಣಕ್ಕೆ ಇಂಥ ಬೆಲೆಯೂ ಬರಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಅವರು ಇರಲಿಲ್ಲ. ಯಮಾಟೊದ ತೋಪುಗಳನ್ನು ಉಜ್ಜಿದ ಒಂದು ಲೇತ್ ಇನ್ನೂ ಇದೆ. ಯುದ್ಧಕ್ಕೆ ಮೊದಲು ಜರ್ಮನಿಯಿಂದ ಕುರೆಗೆ ತರಿಸಿದ್ದು. ಯುದ್ಧ ಮುಗಿದ ಮೇಲೆ ಅದು ಖಾಸಗಿ ಕಾರ್ಖಾನೆಗಳ ಕೈ ಸೇರಿ, ಹಡಗಿನ ಎಂಜಿನ್ನುಗಳ ಭಾರಿ ಕ್ರ್ಯಾಂಕ್ ಶಾಫ್ಟುಗಳನ್ನು ಎಷ್ಟೋ ದಶಕ ತಿರುಗಿಸಿತು. ಈಗ ಕುರೆಯ ಯಮಾಟೊ ಮ್ಯೂಸಿಯಂನವರು ಅದನ್ನು ತಂದು ಇಟ್ಟಿದ್ದಾರೆ. ಆ ಹಡಗಿನ ಹತ್ತನೇ ಒಂದು ಪಾಲು ಅಳತೆಯ, 26.3 ಮೀಟರ್ ಉದ್ದದ ಮಾದರಿಯೂ ಅಲ್ಲಿದೆ. ನನಗೆ ಅಲ್ಲಿಗೆ ಹೋದರೆ ಮೊದಲು ನೋಡಬೇಕಿರುವುದು ಲೇತನ್ನು. ಅದರ ಬೆಡ್ ಮೇಲೆ ಕೈ ಸವರಿ ನೋಡಬೇಕು, ಬಿಟ್ಟರೆ.

ಕೋಟೆಯಿಂದ ಬಂದ ಮರುದಿನ ಆ ಲೇತಿನ ಫೋಟೊ ಪ್ರಿಂಟ್ ಹಾಕಿಸಿ ವರ್ಕ್‌ಶಾಪಿನಲ್ಲಿ ಅಪ್ಪನ ಫೋಟೊ ಪಕ್ಕ ಅಂಟಿಸಿದೆ. ಉಸ್ತಾದ್ ಚಹಾ ಕುಡಿಯುತ್ತಾ ಬಂದು ನೋಡಿದರು. ಅವರಿಗೀಗ ಎಪ್ಪತ್ತರ ಹತ್ತಿರ. ಇದು ಜಪಾನಿನದು, ಬಹಳ ದೊಡ್ಡ ತೋಪು ಮಾಡಿದ್ದು ಇದರ ಮೇಲೆ ಅಂತ ಹೇಳಿದೆ. ತೋಪಿನ ಬಗ್ಗೆ ಅವರು ಏನೂ ಕೇಳಲಿಲ್ಲ. ಕನ್ನಡಕ ಹಣೆಗೇರಿಸಿ ಫೋಟೊಕ್ಕೆ ಮುಖ ಹತ್ತಿರ ಒಯ್ದರು.

"ನಡುವ ಜೋಲು ಬೀಳಬಾರ್ದಲ್ರಿ ಜಾಬ್," ಅಂದರು. "ಸ್ಟೆಡಿ ಎಷ್ಟು ಕೊಟ್ಟಿದ್ರು?"